ಕಾರ್ಪೊರೇಟ್ ಆಸ್ಪತ್ರೆಯ ಮೇಲೆ ದೂರು ಕೊಡುವುದು ಹೇಗೆ: ಕೆ.ಪಿ.ಎಂ.ಇ. ಕಾಯ್ದೆಯ ಬಳಕೆ

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ ನಡೆಸಬೇಕಾದರೆ, ಅದು ಹೋಬಳಿ ಕೇಂದ್ರದ ಒಂದು ಕೋಣೆಯ ಕ್ಲಿನಿಕ್ ಇರಲಿ, ಬೆಂಗಳೂರಿನ ಬಹುಮಹಡಿ ಕಟ್ಟಡವಿರಲಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ನೋಂದಣಿ ಆಗಿರಲೇಬೇಕು. ಇಲಾಖೆಯವರೂ ಆಸ್ಪತ್ರೆಯವರೂ ಇದನ್ನು ಕೆ.ಪಿ.ಎಂ.ಇ. ಎಂದೇ ಕರೆಯುತ್ತಾರೆ. ಬೇರೆ ಹಲವು ರಾಜ್ಯಗಳು ಆಸ್ಪತ್ರೆಗಳ ನೋಂದಣಿಗೆ ಕೇಂದ್ರದ 2010ರ ಕಾಯ್ದೆಯನ್ನು ಒಪ್ಪಿಕೊಂಡಿದ್ದರೆ, ನಮ್ಮಲ್ಲಿ ಅದಕ್ಕೂ ಮೊದಲಿನ ಈ ಸ್ವಂತ ಕಾಯ್ದೆಯೇ ನಡೆಯುತ್ತಿದೆ. ಹೀಗಾಗಿ ಬೇರೆ ರಾಜ್ಯದವರ ಅನುಭವವನ್ನು ಓದಿ ಇಲ್ಲಿ ದೂರು ಬರೆಯಲು ಕುಳಿತರೆ ದಾರಿ ತಪ್ಪುತ್ತದೆ.

ಈ ಕಾಯ್ದೆಗೆ ‘ಕಾರ್ಪೊರೇಟ್’ ಎಂಬ ಪ್ರತ್ಯೇಕ ವರ್ಗವೇ ಗೊತ್ತಿಲ್ಲ. ಒಂದು ಕಂಪನಿಗೆ ರಾಜ್ಯದಲ್ಲಿ ಹತ್ತು ಆಸ್ಪತ್ರೆಗಳಿದ್ದರೆ ಹತ್ತೂ ಬೇರೆ ಬೇರೆಯಾಗಿ, ಆಯಾ ಜಿಲ್ಲೆಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು ಮತ್ತು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. 2023ರಲ್ಲಿ ಮಣಿಪಾಲ್ ಆಸ್ಪತ್ರೆಗಳ ಸಮೂಹದಲ್ಲಿ ಸಿಂಗಪುರದ ಟೆಮಾಸೆಕ್ ಸಂಸ್ಥೆಯ ಪಾಲು ಶೇ. 59ಕ್ಕೆ ಏರಿತು. ಆದರೆ ಆ ಸಮೂಹದ ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವೇ ಇಂದಿಗೂ ಅದರ ನೋಂದಣಿಯನ್ನು ನೋಡಿಕೊಳ್ಳುವುದು. ಒಡೆತನ ಎಷ್ಟು ದೂರ ಹೋದರೂ ಪರವಾನಗಿ ಜಿಲ್ಲೆಯಲ್ಲೇ ಇರುತ್ತದೆ. ಕಂಪನಿಯ ಮುಖ್ಯ ಕಚೇರಿಗೆ ಇ-ಮೇಲ್ ಕಳುಹಿಸುತ್ತ ತಿಂಗಳುಗಟ್ಟಲೆ ಕಾಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ನಿಮ್ಮ ಅರ್ಜಿ ಹೋಗಬೇಕಾದ್ದು ಆಸ್ಪತ್ರೆ ಇರುವ ಜಿಲ್ಲೆಯ ‘ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ’ಕ್ಕೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ, ಅಂದರೆ ಡಿ.ಎಚ್.ಒ., ಸದಸ್ಯ ಕಾರ್ಯದರ್ಶಿ.

ಕಾಯ್ದೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಈಗಿನ ಕಾಯ್ದೆಯ ರೂಪ ಬಂದದ್ದು 2017ರ ತಿದ್ದುಪಡಿಯಿಂದ. ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರು ಮಂಡಿಸಿದ ಮೂಲ ಮಸೂದೆಯಲ್ಲಿ ಖಾಸಗಿ ಆಸ್ಪತ್ರೆಗಳ ಚಿಕಿತ್ಸಾ ದರಗಳನ್ನು ಸರ್ಕಾರವೇ ನಿಗದಿ ಮಾಡುವ ಪ್ರಸ್ತಾವವಿತ್ತು, ಹೆಚ್ಚು ವಸೂಲು ಮಾಡಿದವರಿಗೆ ಜೈಲು ಶಿಕ್ಷೆಯ ಮಾತೂ ಇತ್ತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು, ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾದದ್ದು ಸಡಿಲಗೊಂಡ ಮಸೂದೆ. ದರ ನಿಗದಿಯ ಅಧಿಕಾರ ಸರ್ಕಾರಿ ಯೋಜನೆಗಳ ಅಡಿಯ ಚಿಕಿತ್ಸೆಗೆ ಸೀಮಿತವಾಯಿತು. ಇದು ಸಾಮಾನ್ಯ ರೋಗಿಗೆ ಆದ ದೊಡ್ಡ ನಷ್ಟವೆಂದು ನಾನು ಈಗಲೂ ನಂಬಿದ್ದೇನೆ. ಆದರೆ ದೂರು ಬರೆಯುವವರು ಇದನ್ನು ತಿಳಿದಿರಲೇಬೇಕು, ಏಕೆಂದರೆ ‘ಈ ಆಸ್ಪತ್ರೆಯ ದರ ಪಕ್ಕದ ಆಸ್ಪತ್ರೆಗಿಂತ ಎರಡು ಪಟ್ಟು’ ಎಂಬ ದೂರಿಗೆ ಈ ಕಾಯ್ದೆಯಲ್ಲಿ ಹಿಡಿತವಿಲ್ಲ. ‘ಪ್ರಕಟಿಸಿದ ದರಕ್ಕಿಂತ ಹೆಚ್ಚು ವಸೂಲು ಮಾಡಿದ್ದಾರೆ’ ಎಂಬ ದೂರಿಗೆ ಹಿಡಿತವಿದೆ.

ಉಳಿದುಕೊಂಡ ಅಂಶಗಳೂ ಸಣ್ಣವಲ್ಲ. ಆಸ್ಪತ್ರೆ ತನ್ನ ನೋಂದಣಿ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಎದ್ದುಕಾಣುವಂತೆ ಪ್ರದರ್ಶಿಸಬೇಕು ಮತ್ತು ಚಿಕಿತ್ಸೆಯ ಅಂದಾಜು ವೆಚ್ಚವನ್ನು ತಿಳಿಸಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯದೆ ಜೀವ ಉಳಿಸುವ ಚಿಕಿತ್ಸೆ ನೀಡಬೇಕು. ರೋಗಿ ತೀರಿಕೊಂಡರೆ ಬಾಕಿಯ ಕಾರಣಕ್ಕೆ ಶವವನ್ನು ತಡೆಹಿಡಿಯುವಂತಿಲ್ಲ, ಹಣವನ್ನು ನಂತರ ಕಾನೂನಿನ ದಾರಿಯಲ್ಲಿ ಕೇಳಬಹುದು. ರೋಗಿಗಳ ಹಕ್ಕುಗಳ ಸನ್ನದು ಕಾಯ್ದೆಯ ಭಾಗವೇ ಆಗಿದೆ. ತುರ್ತು ಚಿಕಿತ್ಸೆಯ ಹೊಣೆಯನ್ನಂತೂ ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಮೇಲೂ ಹೊರಿಸಿದೆ.

ಹಾಗಿದ್ದರೂ ಕಾಯಿಲೆ ಹರಡಿದ ಹೊತ್ತಿನಲ್ಲಿ ಸರ್ಕಾರ ಮನಸ್ಸು ಮಾಡಿದರೆ ದರವನ್ನೂ ಕಟ್ಟಿಹಾಕಬಹುದು ಎಂಬುದಕ್ಕೆ ಎರಡು ನಿದರ್ಶನಗಳಿವೆ. 2020ರ ಜೂನ್‌ನಲ್ಲಿ ಕೋವಿಡ್ ಚಿಕಿತ್ಸೆಗೆ ಮಿತಿ ಹಾಕಿದಾಗ, ಸರ್ಕಾರ ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐ.ಸಿ.ಯು.ಗೆ 10,000 ರೂಪಾಯಿ ಎಂದೂ, ನೇರವಾಗಿ ದಾಖಲಾಗಿ ಹಣ ಕಟ್ಟುವವರಿಗೆ ಅವೇ ಸೌಲಭ್ಯಗಳಿಗೆ 10,000 ಮತ್ತು 25,000 ರೂಪಾಯಿ ಎಂದೂ ನಿಗದಿಯಾಯಿತು. 2024ರ ಜುಲೈನಲ್ಲಿ ಡೆಂಗಿ ಹೆಚ್ಚಿದಾಗ ಎನ್.ಎಸ್.1 ಎಲೈಸಾ ಮತ್ತು ಐ.ಜಿ.ಎಂ. ಪರೀಕ್ಷೆಗಳಿಗೆ ತಲಾ 300 ರೂಪಾಯಿ, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂಬ ಮಿತಿ ಬಂತು. ಇಂತಹ ಆದೇಶ ಜಾರಿಯಲ್ಲಿರುವ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರೆ, ಆದೇಶದ ಒಂದು ಪ್ರತಿಯನ್ನು ದೂರಿಗೆ ಲಗತ್ತಿಸಿದರೆ ಸಾಕು, ವಾದಕ್ಕೆ ಹೆಚ್ಚು ಜಾಗವೇ ಉಳಿಯುವುದಿಲ್ಲ.

ದೂರಿನ ಕೆಲಸ ದಾಖಲಾದ ದಿನವೇ ಶುರು

ಹೆಚ್ಚಿನ ದೂರುಗಳು ಬೀಳುವುದು ಕಾಗದವಿಲ್ಲದೆ. ರೋಗಿಯನ್ನು ಒಳಗೆ ಕರೆದೊಯ್ದ ಮೇಲೆ ಮನೆಯವರಲ್ಲಿ ಒಬ್ಬರಾದರೂ ಸಮಾಧಾನದಿಂದ ಸ್ವಾಗತದ ಜಾಗಕ್ಕೆ ಮರಳಿ ಬಂದು, ಗೋಡೆಯ ಮೇಲಿನ ಕೆ.ಪಿ.ಎಂ.ಇ. ನೋಂದಣಿ ಸಂಖ್ಯೆಯ ಫೋಟೊ, ದರಪಟ್ಟಿಯ ಫೋಟೊ ತೆಗೆದುಕೊಳ್ಳಬೇಕು. ದರಪಟ್ಟಿ ಕಾಣದಿದ್ದರೆ ಅದನ್ನು ಕೇಳಬೇಕು, ಕೇಳಿದ್ದನ್ನೂ ಅವರು ಹೇಳಿದ ಉತ್ತರವನ್ನೂ ದಿನಾಂಕ ಸಹಿತ ಬರೆದಿಟ್ಟುಕೊಳ್ಳಬೇಕು. ಅಂದಾಜು ವೆಚ್ಚವನ್ನು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪದೆ, ಮುದ್ರಿತ ಹಾಳೆಯಲ್ಲೋ ಕೊನೆಪಕ್ಷ ಇ-ಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲೋ ಪಡೆಯಬೇಕು. ಮುಂಗಡ ಕಟ್ಟಿದ ಪ್ರತಿ ಬಾರಿಯೂ ರಸೀದಿ ಪಡೆಯಬೇಕು. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಓದಿಯೇ ಸಹಿ ಮಾಡಬೇಕು, ಖಾಲಿ ಬಿಟ್ಟ ಸಾಲುಗಳಿದ್ದರೆ ತುಂಬಿಸಿದ ಮೇಲೆಯೇ ಸಹಿ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ತಾನಾಗಿ ಅನ್ವಯಿಸುವುದಿಲ್ಲ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವೈದ್ಯಕೀಯ ದಾಖಲೆಗಳ ವಿಷಯದಲ್ಲಿ ‘ಕೊಡುವ ಪದ್ಧತಿ ಇಲ್ಲ’ ಎಂಬ ಉತ್ತರ ಬಂದರೆ ಕದಲಬೇಡಿ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕು, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು. ಬಾಯಲ್ಲಿ ಕೇಳಿದರೆ ಈ 72 ಗಂಟೆ ಎಂದಿನಿಂದ ಆರಂಭವಾಯಿತೆಂದು ಸಾಬೀತು ಮಾಡಲಾಗದು. ಎರಡು ಸಾಲಿನ ಅರ್ಜಿ ಬರೆದು, ನಕಲಿನ ಮೇಲೆ ಮೊಹರು ಮತ್ತು ಸಹಿ ಪಡೆಯಿರಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಡಿಸ್ಚಾರ್ಜ್ ಸಾರಾಂಶ ಸಾಲದು. ದಾದಿಯರ ಟಿಪ್ಪಣಿ, ಔಷಧ ನೀಡಿಕೆಯ ಪಟ್ಟಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಒಪ್ಪಿಗೆ ಪತ್ರಗಳನ್ನು ಹೆಸರು ಹಿಡಿದು ಕೇಳಬೇಕು.

ಬಿಲ್ಲನ್ನು ಓದುವುದು

ನನ್ನ ತಾಯಿ ಸೊಂಟದ ಮೂಳೆ ಮುರಿದುಕೊಂಡು ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಬಿಡುಗಡೆಯ ದಿನ ಕೌಂಟರಿನಲ್ಲಿ ಕೊಟ್ಟದ್ದು ಒಂದೇ ಹಾಳೆ, ಅದರಲ್ಲಿ ಏಳು ಸಾಲು. ‘ಕನ್ಸ್ಯೂಮಬಲ್ಸ್’, ಅಂದರೆ ಬಳಸಿ ಬಿಸಾಡುವ ಸಾಮಗ್ರಿ, ಎಂಬ ಒಂದು ಸಾಲಿನ ಮುಂದೆ ಐದಂಕಿಯ ಮೊತ್ತವಿತ್ತು. ಬಾಬುವಾರು ಬಿಲ್ಲು ಬೇಕೆಂದು ಬರವಣಿಗೆಯಲ್ಲಿ ಕೇಳಿದ ಮೇಲೆ ಒಂದೂವರೆ ಗಂಟೆ ಕಾಯಿಸಿ ಒಂಬತ್ತು ಹಾಳೆ ಕೊಟ್ಟರು. ಕೊನೆಯ ಹಾಳೆಯಲ್ಲಿ ಅಮ್ಮ ಮನೆಗೆ ಹೊರಡುತ್ತಿದ್ದ ದಿನದ ಮರುದಿನದ ದಿನಾಂಕಕ್ಕೆ ಎರಡು ಫಿಸಿಯೋಥೆರಪಿ ನಮೂದಾಗಿತ್ತು. ಇನ್ನೂ ಬಾರದ ದಿನಕ್ಕೆ ಶುಲ್ಕ ಹೇಗೆಂದು ಬೆರಳಿಟ್ಟು ತೋರಿಸಿದೊಡನೆ ಆ ಸಾಲು ಅಲ್ಲೇ ಅಳಿದುಹೋಯಿತು. ಮೂರನೆಯ ಹಾಳೆಯ ಕೈಗವಸುಗಳ ಲೆಕ್ಕಕ್ಕೆ ಮಾತ್ರ ಯಾರಲ್ಲಿಯೂ ಉತ್ತರವಿರಲಿಲ್ಲ.

ಆದ್ದರಿಂದ ಬಿಲ್ಲನ್ನು ಮೊತ್ತದಿಂದ ಓದಬೇಡಿ, ದಿನಾಂಕದಿಂದ ಓದಿ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ ಮಾಡಿ, ಆ ದಿನ ಯಾವ ವೈದ್ಯರು ಎಷ್ಟು ಬಾರಿ ಬಂದರು, ಯಾವ ಪರೀಕ್ಷೆ ಆಯಿತು, ವಾರ್ಡಿನಿಂದ ಐ.ಸಿ.ಯು.ಗೆ ಯಾವ ಹೊತ್ತಿಗೆ ಬದಲಾಯಿಸಿದರು ಎಂಬುದನ್ನು ಬರೆದಿಟ್ಟುಕೊಂಡಿದ್ದರೆ, ಬಿಲ್ಲಿನ ಪ್ರತಿ ಸಾಲನ್ನೂ ಅದರ ಪಕ್ಕದಲ್ಲಿಟ್ಟು ನೋಡಬಹುದು. ಒಂದೇ ದಿನಕ್ಕೆ ಎರಡು ಕೊಠಡಿಗಳ ಬಾಡಿಗೆ, ಬಾರದ ತಜ್ಞರ ಭೇಟಿ ಶುಲ್ಕ, ಹಿಂದಿರುಗಿಸಿದ ಔಷಧದ ಹಣ ಕಳೆಯದಿರುವುದು, ಪ್ಯಾಕೇಜಿನೊಳಗೆ ಸೇರಿದ್ದನ್ನು ಮತ್ತೆ ಪ್ರತ್ಯೇಕವಾಗಿ ಹಾಕುವುದು: ತಪ್ಪುಗಳು ಹೆಚ್ಚಾಗಿ ಇಲ್ಲೇ ಇರುತ್ತವೆ.

ಔಷಧ ಮತ್ತು ಸಾಮಗ್ರಿಗಳ ವಿಷಯ ಬೇರೆ. ಗರಿಷ್ಠ ಮಾರಾಟ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಪಡೆದರೂ ಅದು ಅಪರಾಧ. ಆದರೆ ಆ ಬೆಲೆಯೇ ಉಬ್ಬಿದ್ದರೆ? ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2018ರ ಫೆಬ್ರುವರಿಯಲ್ಲಿ ದೆಹಲಿ ವಲಯದ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ, ಕೆಲವು ವಸ್ತುಗಳ ಮೇಲಿನ ಲಾಭ ಶೇ. 1,737ರವರೆಗೂ ಇತ್ತೆಂದು ಪ್ರಕಟಿಸಿತು. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಆಸ್ಪತ್ರೆಗೆ ಕಡಿಮೆ ದರದಲ್ಲಿ ಸಿಗುವ ವಸ್ತುವಿನ ಮೇಲೆ ಹೆಚ್ಚಿನ ಬೆಲೆ ಮುದ್ರಿತವಾಗಿರುತ್ತದೆ, ರೋಗಿ ಕಟ್ಟುವುದು ಆ ಮುದ್ರಿತ ಬೆಲೆಯನ್ನು. ಇದಕ್ಕೆ ಜಿಲ್ಲಾ ಪ್ರಾಧಿಕಾರದಲ್ಲಿ ಪರಿಹಾರ ಸಿಗುವುದು ಕಷ್ಟ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ವಸ್ತುಗಳಲ್ಲಿ ಮಾತ್ರ ದಾರಿ ಸ್ಪಷ್ಟವಾಗಿದೆ. 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟ್‌ಗಳಿಗೆ ಮೊದಲ ಬಾರಿಗೆ ಮಿತಿ ಬಂದಾಗ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಲೇಪನವಿಲ್ಲದ್ದಕ್ಕೆ 7,260 ರೂಪಾಯಿ ಎಂದಾಗಿತ್ತು, ಆ ವರ್ಷದ ಆಗಸ್ಟ್‌ನಲ್ಲಿ ಮಂಡಿಯ ಇಂಪ್ಲಾಂಟ್‌ಗಳೂ ಮಿತಿಗೆ ಒಳಪಟ್ಟವು. ಈ ಮೊತ್ತಗಳು ಆಗಾಗ ಪರಿಷ್ಕರಣೆ ಆಗುತ್ತವೆ, ನಿಮ್ಮ ಶಸ್ತ್ರಚಿಕಿತ್ಸೆಯ ದಿನದ ದರವನ್ನು ಬೆಲೆ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ. ಸ್ಟೆಂಟಿನ ಬೆಲೆ, ಬ್ರ್ಯಾಂಡ್ ಮತ್ತು ಬ್ಯಾಚ್ ಸಂಖ್ಯೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಬೇಕು.

ಯಾವ ದೂರು ಯಾವ ಬಾಗಿಲಿಗೆ

ಎಲ್ಲ ಸಂಕಟವನ್ನೂ ಒಂದೇ ಅರ್ಜಿಯಲ್ಲಿ ತುಂಬುವುದು ನಮ್ಮೆಲ್ಲರ ಸಹಜ ತಪ್ಪು. ದರ, ಅಂದಾಜು, ರಸೀದಿ, ದಾಖಲೆ, ತುರ್ತು ಚಿಕಿತ್ಸೆಯ ನಿರಾಕರಣೆ, ಶವ ತಡೆಹಿಡಿದದ್ದು, ನೋಂದಣಿಯೇ ಇಲ್ಲದಿರುವುದು: ಇವೆಲ್ಲ ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿ. ವೈದ್ಯರ ನಿರ್ಲಕ್ಷ್ಯ ಅಥವಾ ವೃತ್ತಿದ್ರೋಹದ ಆರೋಪ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು, ಅಲ್ಲಿ ದೂರು ಆಸ್ಪತ್ರೆಯ ಮೇಲಲ್ಲ, ಹೆಸರು ಮತ್ತು ನೋಂದಣಿ ಸಂಖ್ಯೆಯುಳ್ಳ ವೈದ್ಯರ ಮೇಲೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾಗಿದ್ದರೆ ದೂರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಈ ಯೋಜನೆಯಲ್ಲಿ, ಪ್ಯಾಕೇಜಿನೊಳಗಿನ ವಸ್ತುವಿಗೆ ಬಿ.ಪಿ.ಎಲ್. ರೋಗಿಯಿಂದ ಮತ್ತೆ ಹಣ ಕೇಳುವಂತಿಲ್ಲ. ಮೊದಲು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಿಗೆ ತಿಳಿಸಿ, 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೆಂಬುದನ್ನು ಮರೆತು ಹಣ ಕಳೆದುಕೊಂಡವರು ಬಹಳ.

ವಿಮಾ ಕಂಪನಿ ತಡ ಮಾಡಿದ್ದರೆ ಆಸ್ಪತ್ರೆಯ ಮೇಲೆ ಕೋಪ ತೀರಿಸಿ ಫಲವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐ.ಆರ್.ಡಿ.ಎ.ಐ.ನ 2024ರ ಸುತ್ತೋಲೆಯಂತೆ ಬಿಡುಗಡೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ನೀಡಬೇಕು, ತಡವಾದರೆ ಹೆಚ್ಚುವರಿ ಶುಲ್ಕ ಕಂಪನಿಯ ಹೊಣೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಕೂಗಾಡಿ ಕೈಮಾಡಿದರೆ, 2009ರ ವೈದ್ಯಕೀಯ ಸಿಬ್ಬಂದಿ ಮೇಲಿನ ಹಿಂಸಾಚಾರ ನಿಷೇಧ ಕಾಯ್ದೆಯಡಿ ಜಾಮೀನುರಹಿತ ಪ್ರಕರಣ ನಿಮ್ಮ ಮೇಲೆಯೇ ಬರುತ್ತದೆ. ನ್ಯಾಯವಾದ ದೂರುಗಳು ಹೀಗೆ ಮಣ್ಣುಪಾಲಾದದ್ದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಅರ್ಜಿ ಬರೆಯುವ ರೀತಿ

ಅಮ್ಮನ ವಿಷಯದಲ್ಲಿ ನಾನು ಮೊದಲು ಬರೆದ ದೂರು ನಾಲ್ಕು ಪುಟವಿತ್ತು. ನಮ್ಮ ಸಂಕಟವೆಲ್ಲ ಅದರಲ್ಲಿತ್ತು, ಕೋರಿಕೆ ಮಾತ್ರ ಇರಲಿಲ್ಲ. ಎರಡು ತಿಂಗಳು ಅದು ಅಲುಗಾಡಲಿಲ್ಲ. ವಿಚಾರಿಸಲು ಹೋದಾಗ ವಿಷಯ ನಿರ್ವಾಹಕರು ಕಡತ ತೆರೆದು ‘ನಿಮಗೆ ಏನು ಬೇಕು ಅಂತ ಎಲ್ಲಿ ಬರೆದಿದ್ದೀರಿ?’ ಎಂದು ಕೇಳಿದರು. ಎರಡನೆಯ ಬಾರಿ ಒಂದೇ ಪುಟ ಬರೆದೆ. ಅದರ ಮುಖ್ಯ ಭಾಗ ಹೀಗಿತ್ತು:

‘ನನ್ನ ತಾಯಿಯವರು ಸದರಿ ಆಸ್ಪತ್ರೆಯಲ್ಲಿ 4ನೇ ತಾರೀಖಿನಿಂದ 11ನೇ ತಾರೀಖಿನವರೆಗೆ ಒಳರೋಗಿಯಾಗಿದ್ದು, ದಾಖಲಾತಿಯ ದಿನ 1,80,000 ರೂಪಾಯಿಗಳ ಅಂದಾಜು ಪಟ್ಟಿ ನೀಡಿರುತ್ತಾರೆ (ಅನುಬಂಧ 1). ಬಿಡುಗಡೆಯ ದಿನ 2,61,400 ರೂಪಾಯಿ ವಸೂಲು ಮಾಡಿರುತ್ತಾರೆ (ಅನುಬಂಧ 2). ಹೆಚ್ಚಳಕ್ಕೆ ಕಾರಣವನ್ನು ಮುಂಚಿತವಾಗಿ ತಿಳಿಸಿರುವುದಿಲ್ಲ. ಪ್ರದರ್ಶಿತ ದರಪಟ್ಟಿಗಿಂತ ಕೊಠಡಿ ಬಾಡಿಗೆಯನ್ನು ದಿನಕ್ಕೆ 900 ರೂಪಾಯಿ ಹೆಚ್ಚಾಗಿ ಪಡೆದಿರುತ್ತಾರೆ (ಅನುಬಂಧ 3). ಆದ್ದರಿಂದ ಹೆಚ್ಚುವರಿ ಮೊತ್ತವನ್ನು ಹಿಂದಿರುಗಿಸಲು ಹಾಗೂ ಕಾಯ್ದೆಯನ್ವಯ ಕ್ರಮ ಜರುಗಿಸಲು ಕೋರುತ್ತೇನೆ.’

ಇಷ್ಟೇ ಸಾಕು. ಪ್ರತಿ ವಾಕ್ಯದಲ್ಲಿ ಒಂದು ಸಂಗತಿ, ಪ್ರತಿ ಸಂಗತಿಗೆ ಒಂದು ಅನುಬಂಧ. ಮೂಲ ಕಾಗದಗಳನ್ನು ಎಂದೂ ಕೊಡಬೇಡಿ. ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ‘ವಿಷಯ’ ಸಾಲಿನಲ್ಲೇ ನಮೂದಿಸಿ. ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಒಂದು ಪ್ರತಿ, ಡಿ.ಎಚ್.ಒ. ಕಚೇರಿಯಲ್ಲಿ ಇನ್ನೊಂದು ಪ್ರತಿ ಕೊಟ್ಟು ಎರಡರ ಸ್ವೀಕೃತಿಯನ್ನೂ ಪಡೆಯಿರಿ.

ಮುಂದಿನ ಹೆಜ್ಜೆಗಳು

ತಿಂಗಳು ಕಳೆದರೂ ಸುಳಿವಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿಯೇ ಒಳ್ಳೆಯ ಚುಚ್ಚುಗೋಲು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ದೂರಿನ ಕಥೆ ಬರೆಯಲು ಹೋಗದೆ, ‘ಇಂತಹ ದಿನಾಂಕದ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿ’ ಎಂದಷ್ಟೇ ಕೇಳಿ. ಕಡತವನ್ನು ಹೊರತೆಗೆದು ನಕಲು ಮಾಡಬೇಕಾದಾಗ ಅದರಲ್ಲಿ ಏನೂ ನಡೆದಿಲ್ಲವೆಂಬುದು ಮೇಲಧಿಕಾರಿಗೂ ಕಾಣುತ್ತದೆ.

ಗ್ರಾಹಕ ಆಯೋಗದ ದಾರಿ ಇದರಿಂದ ಮುಚ್ಚುವುದಿಲ್ಲ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲಿಯೇ ತೀರ್ಮಾನವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಕಟಿಸಿದ ಅಥವಾ ಒಪ್ಪಿದ ದರಕ್ಕಿಂತ ಹೆಚ್ಚು ಪಡೆಯುವುದೂ ದೂರಿಗೆ ಆಧಾರ, ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಕಟ್ಟಿದ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆಸ್ಪತ್ರೆ ಬೆಂಗಳೂರಿನಲ್ಲಿದ್ದು ನೀವು ರಾಯಚೂರಿನವರಾದರೆ ರಾಯಚೂರಿನಲ್ಲೇ ದಾಖಲಿಸಬಹುದು, ಇ-ಜಾಗೃತಿ ಪೋರ್ಟಲ್ ಮೂಲಕವೂ ಆಗುತ್ತದೆ. ಕಾಲಮಿತಿ ಎರಡು ವರ್ಷ. ಜಿಲ್ಲಾ ಪ್ರಾಧಿಕಾರದ ಉತ್ತರಕ್ಕೆ ಕಾಯುತ್ತ ಈ ಎರಡು ವರ್ಷವನ್ನು ಕಳೆದುಕೊಳ್ಳಬೇಡಿ. ಬಿಡುಗಡೆಯ ದಿನಾಂಕದಿಂದ ಒಂದೂವರೆ ವರ್ಷವಾದಾಗ, ಪ್ರಾಧಿಕಾರದಲ್ಲಿ ಏನೇ ನಡೆಯುತ್ತಿರಲಿ, ಆಯೋಗದ ದೂರು ಸಿದ್ಧವಾಗಿರಬೇಕು. ನಿರ್ಲಕ್ಷ್ಯದ ಪ್ರಕರಣಗಳಲ್ಲಿ ತಜ್ಞ ವೈದ್ಯರ ಅಭಿಪ್ರಾಯ ಸಾಮಾನ್ಯವಾಗಿ ಬೇಕಾಗುತ್ತದೆ, ದರದ ವಿವಾದಕ್ಕೆ ನಿಮ್ಮ ಬಳಿಯ ಕಾಗದಗಳೇ ಮುಖ್ಯ ಸಾಕ್ಷಿ.

ಪ್ರಾಧಿಕಾರ ವಿಚಾರಣೆಗೆ ಕರೆದಾಗ ಅನುಬಂಧಗಳ ಮೂರು ಜೊತೆ ಪ್ರತಿಗಳನ್ನು ಒಯ್ಯಿರಿ. ಆಸ್ಪತ್ರೆಯ ಪರವಾಗಿ ಬರುವ ಬಿಲ್ಲಿಂಗ್ ವಿಭಾಗದವರು ಅಲ್ಲೇ ‘ಒಳ್ಳೆಯ ಮನಸ್ಸಿನಿಂದ’ ಒಂದಿಷ್ಟು ಹಣ ಹಿಂದಿರುಗಿಸುವುದಾಗಿ ಹೇಳಿದರೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಮಗೂ ಹಾಗೆ ಹೇಳಿದರು, ಬಾಡಿಗೆಯ ವ್ಯತ್ಯಾಸದ ಹಣ ಬಂತು. ಆದರೆ ಹಣ ಪಡೆದು ದೂರು ಹಿಂತೆಗೆದುಕೊಂಡಿರುವುದಾಗಿ ಬರೆದ ಹಾಳೆಗೆ ಸಹಿ ಮಾಡುವ ಮೊದಲು, ಹೆಚ್ಚು ವಸೂಲಾಗಿತ್ತು ಎಂಬ ಮಾತು ಪ್ರಾಧಿಕಾರದ ನಡವಳಿಯಲ್ಲಿ ದಾಖಲಾಗಿದೆಯೇ ಎಂದು ಓದಿ ನೋಡಿ, ಆ ನಡವಳಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಆಸ್ಪತ್ರೆಯ ನೋಂದಣಿ ನವೀಕರಣಕ್ಕೆ ಬಂದಾಗ ಅಧಿಕಾರಿಗಳ ಮುಂದಿರುವುದು ಕಡತದೊಳಗಿನ ಆ ಹಾಳೆಯೇ.